ಹಗೇವಿನ ಬಾಯಲ್ಲಿ ಕಂಡ ಬೆಳಕು

ಯಾರಾದರೂ ತಮ್ಮ ಕಲ್ಲಿನ ಕತೆ ಹೇಳಲು ಶುರುಮಾಡಿದರೆ, ಬೆಲೆ ಏರಿಸಲು ಹೊರಟಿದ್ದಾರೆ ಎಂದೇ ನಾನು ತಿಳಿಯುತ್ತಿದ್ದೆ. ನಾಗರಹಾವು ಕಾಯುತ್ತಿದ್ದ ಕಲ್ಲು, ಅಜ್ಜ ಕನಸಿನಲ್ಲಿ ಬಂದು ತೋರಿಸಿದ ಕಲ್ಲು, ಹೀಗೆ ಎಷ್ಟೋ ಕೇಳಿದ್ದೇನೆ. ಕತೆಯನ್ನು ಪೂರ್ತಿ ಕೇಳಿ, ತಲೆಯಾಡಿಸಿ, ಆಮೇಲೆ ಕಲ್ಲಿನ ಅಂಚಿನಲ್ಲಿರುವ ಬಿರುಕಿನ ಮೇಲೆ ಬೆರಳಿಡುವುದು ನನ್ನ ಪದ್ಧತಿ. ವ್ಯಾಪಾರಕ್ಕೆ ಇಳಿಯುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ, ಕತೆಗೆ ಬೆಲೆ ಕಟ್ಟಬೇಡಿ ಎಂದು. ಹಾಗೆ ಹೇಳುವ ನಾನೇ ಇವತ್ತು ಒಂದು ಕಲ್ಲಿನ ಕತೆ ಹೇಳಲು ಕುಳಿತಿದ್ದೇನೆ. ಆ ಕಲ್ಲು ಮಾರಾಟಕ್ಕಿಲ್ಲ. ಅಷ್ಟರಮಟ್ಟಿಗೆ ನನ್ನನ್ನು ನಂಬಬಹುದು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರದಲ್ಲಿ ಗೋಳಗುಮ್ಮಟದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಮೊದಲು ಗುಮ್ಮಟ ನೋಡಲು ಬಂದವರಿಗೆ ಚಿತ್ರದ ಕಾರ್ಡು ಮಾರುತ್ತಿದ್ದೆ. ಆಮೇಲೆ ಹರಳುಕಲ್ಲಿಗೆ ಬಿದ್ದೆ. ನಮ್ಮ ಕಡೆ ಬಾವಿ ತೋಡುವಾಗ ಕರಿಬಂಡೆಯ ಪೊಳ್ಳಿನೊಳಗೆ ಬಿಳಿ ಹರಳು ಸಿಗುತ್ತವೆ. ತೋಡುವವರು ಅವನ್ನು ಒಡ್ಡಿನ ಮೇಲೆ ಎಸೆಯುತ್ತಿದ್ದರು, ನಾನು ಆರಿಸುತ್ತಿದ್ದೆ, ಮುಂಬಯಿಯ ಒಬ್ಬ ವ್ಯಾಪಾರಿ ಕೊಳ್ಳುತ್ತಿದ್ದ. ಅವನೇ ನನಗೊಂದು ಬ್ಯಾಟರಿ ದೀಪ ಕೊಟ್ಟಿದ್ದ. ಅದರ ಗಾಜು ಕಪ್ಪು, ಹಚ್ಚಿದರೆ ಬರುವುದು ಮಸಕು ನೇರಳೆ ಬೆಳಕು. ಅದಕ್ಕೆ ನಾನು ಕರಿದೀಪ ಎನ್ನುತ್ತಿದ್ದೆ. ಕತ್ತಲೆಯಲ್ಲಿ ಅದನ್ನು ಹಿಡಿದರೆ ಕೆಲವು ಹರಳು ಕೆಂಡದ ಹಾಗೆ ಹೊಳೆಯುತ್ತವೆ. ದೀಪ ಆರಿಸಿದರೆ ಕಲ್ಲೂ ಆರುತ್ತದೆ. "ಸಾವಿರದಲ್ಲೊಂದು ಮಾತ್ರ ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಹಸಿರಾಗಿ ಉಳಿಯುತ್ತದೆ, ಅಂಥದು ಸಿಕ್ಕರೆ ಬಿಡಬೇಡ" ಎಂದು ಅವನು ಹೇಳಿದ್ದ. ಅಷ್ಟಾದರೂ ಅದು ಎರವಲು ಬೆಳಕು. ಕಲ್ಲಿಗೆ ತನ್ನದೆಂಬ ಬೆಳಕು ಇಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಟಿಕೋಟಾದ ಮೌಲಾಸಾಬ ಬಾವಿ ತೋಡುವ ತಂಡದ ಮುಖ್ಯಸ್ಥ, ನನಗೆ ಹಳೆಯ ಗೆಳೆಯ. ಬಬಲೇಶ್ವರದಲ್ಲಿ ಶಿವಲಿಂಗಪ್ಪ ಎಂಬ ರೈತನ ಬಾವಿಯಲ್ಲಿ ತೆಂಗಿನಕಾಯಿ ಗಾತ್ರದ ಹರಳು ಸಿಕ್ಕಿದೆ, ಸೋಲಾಪುರದ ವ್ಯಾಪಾರಿಯೊಬ್ಬ ಇವತ್ತು ಸಂಜೆ ನೋಡಲು ಬರುತ್ತಾನೆ ಎಂದು ಅವನೇ ಸುದ್ದಿ ತಂದ. ನಾನು ಮೊದಲ ಬಸ್ಸು ಹಿಡಿದೆ. ಮೌಲಾಸಾಬನೂ ಜೊತೆಗೆ ಬಂದ.

ಕಲ್ಲು ನೋಡಿದೆ. ಆಸೆಯನ್ನು ಮುಖದಲ್ಲಿ ತೋರಿಸಲಿಲ್ಲ. ದೀಪ ಹಿಡಿದು ನೋಡಬೇಕೆಂದರೆ ಆ ಮನೆಯಲ್ಲಿ ಕತ್ತಲೆ ಸಿಗಲಿಲ್ಲ. ಎಲ್ಲಾ ಖೋಲಿಗೂ ಮಾಳಿಗೆಯ ಬೆಳಕಿಂಡಿಯಿಂದ ನಡುಹಗಲಿನ ಬಿಸಿಲು ಇಳಿಯುತ್ತಿತ್ತು. ಅಂಗಳದಲ್ಲಿ ಹಗೇವು ಇತ್ತು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ, ಎರಡಾಳು ಆಳ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಜೋಳ ತೆಗೆಯಲೆಂದು ಅವತ್ತು ಮುಂಜಾನೆಯೇ ಅದರ ಬಾಯಿಕಲ್ಲು ಸರಿಸಿದ್ದರು.

ಹಗೇವಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಡಬೇಕು, ಆಮೇಲೆ ಕಂದೀಲು ಇಳಿಬಿಡಬೇಕು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಕಂದೀಲಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ನಾಳೆಯವರೆಗೆ ಕಾದರೆ ಕಲ್ಲು ಸೋಲಾಪುರಕ್ಕೆ ಹೋಗುತ್ತಿತ್ತು. ನಾನು ಕರಿದೀಪವನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಅದು ಕೆಳಗೆ ನೇರಳೆಯಾಗಿ ಉರಿಯುತ್ತಲೇ ಇತ್ತು. ಮೂವರು ಗಂಡಸರು ಬಗ್ಗಿ ನೋಡಿ ತಲೆಯಾಡಿಸಿದೆವು. ಒಪ್ಪದವಳು ಶಿವಲಿಂಗಪ್ಪನ ತಾಯಿ ನೀಲವ್ವ ಒಬ್ಬಳೇ.

"ಯಪ್ಪಾ, ನಿನ್ನ ದೀಪಕ್ಕ ಎಣ್ಣಿ ಇಲ್ಲ, ಬತ್ತಿ ಇಲ್ಲ. ಒಳಗಿನ ಗಾಳಿ ಹೆಂಗೈತಿ ಅಂತ ಅದಕ್ಕೇನ್ ತಿಳೀತೈತಿ?"

"ಇದು ವಿಜಾಪುರದ ಸಾವಕಾರರ ದೀಪ ಬೇ ನೀಲವ್ವ," ಎಂದ ಮೌಲಾಸಾಬ. "ಇವರಂಗ ಅದಕ್ಕೂ ಎಲ್ಲಾ ತಿಳೀತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಗೇವಿಗೆ ಇಳಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಹೇಳುತ್ತೇನೆ, ಬ್ಯಾಟರಿ ಗಾಳಿ ಇಲ್ಲದ ಕಡೆಯೂ ಉರಿಯುತ್ತದೆ. ಕಂದೀಲಿನ ಕೆಲಸ ಬೆಳಕು ಕೊಡುವುದಲ್ಲ, ಆರಿ ತೋರಿಸುವುದು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ತಳದಲ್ಲಿ ಒಂದಿಷ್ಟು ಜೋಳ ಉಳಿದಿತ್ತು, ಅದರ ಮೇಲೆ ಕುಳಿತೆ. ಮುಗ್ಗಲು ವಾಸನೆ, ಒಲೆಯ ಮುಂದೆ ಕುಳಿತಂಥ ಕಾವು. ಕಲ್ಲನ್ನು ಬುಟ್ಟಿಯಲ್ಲಿ ಇಳಿಸಿ, ಬಾಯಿಗೆ ಎರಡು ಪದರ ಗೋಣಿಚೀಲ ಹಾಸಿದರು. ಕತ್ತಲಾಯಿತು. ಕರಿದೀಪ ಹಿಡಿದೆ. ಕಲ್ಲು ಒಳಗಿನಿಂದ ಹೊತ್ತಿಕೊಂಡ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ದೀಪ ಆರಿಸಿದೆ. ಗುಲಾಬಿ ಹೋಗಿ ತಿಳಿಹಸಿರು ಉಳಿಯಿತು. ಇಪ್ಪತ್ತು ಎಣಿಸಿದರೂ ಉಳಿದಿತ್ತು. ಸಾವಿರದಲ್ಲೊಂದು ನನ್ನ ತೊಡೆಯ ಮೇಲಿತ್ತು.

ಕಲ್ಲಿಗೆ ಇನ್ನೊಮ್ಮೆ ದೀಪ ಹಿಡಿದು, ಒಡೆದರೆ ಇನ್ನೊಂದು ಸಿಗುವಂಥದ್ದಲ್ಲ ಎಂದು ದೀಪವನ್ನು ಮೊದಲು ಬುಟ್ಟಿಯಲ್ಲಿಟ್ಟು ಮೇಲೆ ಕಳಿಸಿದೆ. ನೀಲವ್ವ ಅದನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳಂತೆ. ಇದೂ ನೆನಪಿರಲಿ. ಗೋಣಿ ಮತ್ತೆ ಮುಚ್ಚಿರಿ, ಸ್ವಲ್ಪ ಹೊತ್ತು ಕೂಡುತ್ತೇನೆ ಎಂದು ಕೂಗಿದೆ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಂಡರೆ ಹಸಿರು ಎಲ್ಲಿಯತನಕ ಉಳಿಯುತ್ತದೆಂದು ನೋಡಬೇಕಿತ್ತು. ಇನ್ನೊಂದು ಕೆಲಸವೂ ಇತ್ತು, ಮುಚ್ಚಿಟ್ಟು ಏನಾಗಬೇಕು. ಮೇಲೆ ಹೋಗಿ ಹೇಳಬೇಕಾದ ಸುಳ್ಳನ್ನು ಹೊಂದಿಸುತ್ತಿದ್ದೆ. "ಹೊಳಪು ಏನೂ ಇಲ್ಲ ಶಿವಲಿಂಗಪ್ಪ, ಬರೇ ಸುಣ್ಣದ ಕಲ್ಲು. ಆದ್ರೂ ನಿಮ್ಮ ಮುಖಾ ನೋಡಿ ಒಯ್ತೇನಿ." ಹಸಿರು ಸಣ್ಣದಾಗುತ್ತಾ ಬಂತು. ಆರಿತು. ಅದು ಆರಿದ್ದನ್ನು ನಾನು ನೋಡಿದ್ದೇನೆ. ಕಾಲು ಜೋಮು ಹಿಡಿದಂತಾಯಿತು. ಮಾತನ್ನು ಮತ್ತೆ ಮೊದಲಿನಿಂದ ಹೊಂದಿಸಲು ಹೋದೆ. 'ಶಿವಲಿಂಗಪ್ಪ' ಎಂಬಲ್ಲಿಂದ ಮುಂದಕ್ಕೆ ಏನೂ ನೆನಪಿಲ್ಲ.

ಎಚ್ಚರಾದಾಗ ಅಂಗಳದಲ್ಲಿ ಬಿದ್ದಿದ್ದೆ. ತಲೆಗೆ ನೀರು ಹಾಕಿದ್ದರು. ನೀಲವ್ವ ಮೊರದಿಂದ ಗಾಳಿ ಬೀಸುತ್ತಿದ್ದಳು. ಕಲ್ಲು ನನ್ನ ಎರಡೂ ಕೈಯಲ್ಲಿ ಹಾಗೇ ಇತ್ತು, ಬೆರಳು ಬಿಡಿಸಬೇಕಾಯಿತಂತೆ.

"ಹೆಂಗ್ ತಿಳೀತು ನಿಮಗ?" ಎಂದು ಕೇಳಿದೆ.

"ಬೆಳಕು ಬಂತಲ್ಲೋ ಯಪ್ಪಾ," ಎಂದಳು ನೀಲವ್ವ. "ಗೋಣಿ ಒಳಗಿಂದ ಹಸರಾಗಿ ಬೆಳಕು ಬಂತು. ದೀಪ ನನ್ನ ಉಡಿಯಾಗ ಐತಿ, ಅಂದಮ್ಯಾಲ ಕೆಳಗ ಹಚ್ಚಿದವರ‍್ಯಾರು? ಅಂಜಿ ಬಿಟ್ಟೆ. ಹಗ್ಗ ಜಗ್ಗ್ರಿ ಅಂದೆ."

ನಾನು ಮೌಲಾಸಾಬನ ಕಡೆ ನೋಡಿದೆ. ಹಗ್ಗ ಹಿಡಿದವನು ಅವನೇ. ಸದಾ ಚೇಷ್ಟೆ ಮಾಡುವ ಮನುಷ್ಯ, ಅವತ್ತು ಮುಖ ಬಿಳಿಚಿಕೊಂಡಿತ್ತು. "ಆ ಬೆಳಕಿನ್ಯಾಗ ಗೋಣಿ ಎಳಿ ಒಂದೊಂದು ಎಣಸಬೌದಿತ್ರಿ ಸಾವಕಾರ," ಎಂದಷ್ಟೇ ಹೇಳಿದ. ಶಿವಲಿಂಗಪ್ಪ ದನಕ್ಕೆ ನೀರು ತೋರಿಸಲು ಹೋಗಿದ್ದನಂತೆ, ಅವನು ಏನೂ ಕಂಡಿರಲಿಲ್ಲ.

ಸಂಜೆ, ಸೋಲಾಪುರದವನು ಬರುವ ಮೊದಲೇ, ನಾವು ಹೊರಡುವಾಗ ನೀಲವ್ವ ಕಲ್ಲನ್ನು ನನ್ನ ಚೀಲಕ್ಕೆ ಹಾಕಿದಳು. ಮಗ ಏನೋ ಹೇಳಲು ಬಾಯಿ ತೆರೆದ. "ಸುಮ್ಮಕಿರ್ಲೇ," ಎಂದಳು. "ಜೀವಾ ಉಳಸಿದ್ದನ್ನ ಮಾರಬಾರದು. ಇದು ಅವನ ಕಲ್ಲು." ಬೇರೆಯವರ ಕೈಯಿಂದ ಬೆಲೆ ಕೇಳದೆ ನಾನು ಮನೆಗೆ ತಂದ ಕಲ್ಲು ಅದೊಂದೇ.

ವಿಜಾಪುರದಲ್ಲಿ ರಸಾಯನಶಾಸ್ತ್ರ ಕಲಿಸುವ ಪರಿಚಯದವರೊಬ್ಬರಿಗೆ ಹೇಳಿದೆ. ಅವರು ನಕ್ಕು, ಗಾಳಿ ಇಲ್ಲದಾಗ ಮಿದುಳು ಏನೇನೋ ತೋರಿಸುತ್ತದೆ ಎಂದರು. ಸರಿ. ಆದರೆ ಗಾಳಿ ಇಲ್ಲದೆ ಕುಳಿತ ನನಗೆ ಕಂಡದ್ದು ಬರೀ ಕತ್ತಲೆ. ಬೆಳಕು ಕಂಡವರು ಬಯಲ ಗಾಳಿಯಲ್ಲಿ ಕುಳಿತಿದ್ದರು. ಮುದುಕಿ ನನ್ನನ್ನು ಹೊರಗೆ ತೆಗೆಸಲು ಸುಳ್ಳು ಹೇಳಿರಬಹುದೇ ಎಂದೂ ಯೋಚಿಸಿದೆ. ಸುಳ್ಳು ಹೇಳುವವರ ಮುಖ ಓದಿಯೇ ಹೊಟ್ಟೆ ಹೊರೆದವನು ನಾನು. ಆ ಇಬ್ಬರ ಮುಖದಲ್ಲಿ ಅದು ಇರಲಿಲ್ಲ.

ನಿಜವಾದ ಕಿರಿಕಿರಿ ಬೇರೆಯೇ. ಆ ಹಸಿರು ಎಷ್ಟು ಕ್ಷೀಣವೆಂದರೆ ಕದ ಒಂದಿಷ್ಟು ತೆರೆದರೂ ಕಾಣುವುದಿಲ್ಲ. ಅಂಥದ್ದು ನಡುಹಗಲಿನಲ್ಲಿ, ಬಿಸಿಲು ಬಿದ್ದ ಎರಡು ಪದರ ಗೋಣಿಯನ್ನು ದಾಟಿ ಮೇಲೆ ಬಂದದ್ದು ಹೇಗೆ? ಮನೆಯಲ್ಲಿ ಹಂಡೆಯ ತಳದಲ್ಲಿ ಕಲ್ಲಿಟ್ಟು, ಮೇಲೆ ಗೋಣಿ ಹಾಸಿ, ಬಿಸಿಲಿಗೆ ಇಟ್ಟು ಎಷ್ಟೋ ಸಲ ನೋಡಿದ್ದೇನೆ. ಕರಿದೀಪವನ್ನು ಒಳಗೆ ಹಚ್ಚಿಟ್ಟೂ ನೋಡಿದ್ದೇನೆ. ಏನೂ ಕಾಣುವುದಿಲ್ಲ. ಹೆಂಡತಿ ಬೈಯುತ್ತಾಳೆ. ಕೆಲಸದ ನಡುವೆ ಎದ್ದು ಹೋಗಿ ಮತ್ತೆ ನೋಡುತ್ತೇನೆ.

ಮೌಲಾಸಾಬ ಈಗಿಲ್ಲ, ನೀಲವ್ವನೂ ಇಲ್ಲ. ಕೊಳ್ಳುತ್ತೇನೆಂದು ಬಂದವರಿಗೆ ಯಾರೂ ಕೊಡಲಾರದ ಬೆಲೆ ಹೇಳಿ ಕಳಿಸುತ್ತೇನೆ. ಕಲ್ಲು ಇಲ್ಲೇ ಇದೆ. ಅವತ್ತು ಇದ್ದದ್ದೆಲ್ಲ ಇಟ್ಟು ಪರೀಕ್ಷಿಸಿ ಆಗಿದೆ, ಅದೇ ಕಲ್ಲು, ಅಂಥದೇ ಗೋಣಿ, ಅದೇ ಬಿಸಿಲು. ಒಂದೇ ಒಂದು ಉಳಿದಿದೆ. ಅವತ್ತು ಗೋಣಿಯ ಕೆಳಗೆ ಉಸಿರು ಕಟ್ಟುತ್ತಿದ್ದ ಒಬ್ಬ ಮನುಷ್ಯ ಇದ್ದ. ಅದನ್ನು ಇಟ್ಟು ನೋಡುವುದು ಹೇಗೆ?