ಮೆಲ್ವಿನಾಳ ಕೊಂಡಿ ಹಾಕದ ಬಾಗಿಲು

ಮೆಲ್ವಿನಾ ಪಾರ್ಡಿಯ ಮನೆಯ ಹಿಂಬಾಗಿಲಿಗೆ ಒಂದು ಕಬ್ಬಿಣದ ಕೊಂಡಿ ಇತ್ತು. ಅದು ಇದ್ದದ್ದು ಗಾಳಿಗೆ. ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯ ಆ ಹಳ್ಳಿಯಲ್ಲಿ ಕಡಲ ಗಾಳಿ ಎದ್ದರೆ ಬಾಗಿಲು ಬಡಿದುಕೊಳ್ಳುತ್ತದೆ; ಆಗ ಮಾತ್ರ ಕೊಂಡಿ ಹಾಕುವುದು. ಅಲ್ಲಿ ಬಾಗಿಲು ತಟ್ಟುವವರೆಂದರೆ ಪೊಲೀಸರು, ಇಲ್ಲವೇ ದಾರಿ ತಪ್ಪಿದವರು. ಉಳಿದವರೆಲ್ಲ ಮೆಟ್ಟಿಲಿಗೆ ಬೂಟು ಬಡಿದು ಹಿಮ ಉದುರಿಸಿ, ನೇರ ಅಡುಗೆಮನೆಗೆ ಬಂದು, ಕೆಟಲ್ ಬಿಸಿಯಿದೆಯೇ ಎಂದು ಮುಟ್ಟಿ ನೋಡಿ ಕೂರುವವರು.

ಆ ಮನೆ ಮೊದಲು ಎದುರಿನ ದ್ವೀಪದಲ್ಲಿತ್ತು. ಮೆಲ್ವಿನಾ ಚಿಕ್ಕವಳಿದ್ದಾಗ ದ್ವೀಪದವರೆಲ್ಲ ಊರು ಬಿಟ್ಟು ಈಚೆ ದಡಕ್ಕೆ ಬಂದರು. ಮನೆಯನ್ನು ಖಾಲಿ ಪೀಪಾಯಿಗಳ ಮೇಲೆ ತೇಲಿಸಿ, ದೋಣಿಗಳಿಗೆ ಕಟ್ಟಿ ಎಳೆದು ತಂದರು. ಬೆಳೆದ ಮೇಲೆ ಅವಳು ಮೀನಿನ ಕಾರ್ಖಾನೆ ಸೇರಿದಳು. ಮೀನು ಸೀಳುವ ಮೇಜಿನಲ್ಲಿ ಅವಳ ಎಡಕ್ಕೆ ನಿಲ್ಲುತ್ತಿದ್ದವಳು ಪಕ್ಕದ ಮನೆಯ ಎಲ್‌ಫ್ರೀಡಾ. ಊರಿಗೆಲ್ಲ ಎಫಿ. ಮುಂದೆ ಮೆಲ್ವಿನಾಳ ತಾಯಿ ಹಾಸಿಗೆ ಹಿಡಿದಾಗ, ಆಕೆಯನ್ನು ಮಗ್ಗಲು ಬದಲಿಸಿ ಮಲಗಿಸಲು ಇಬ್ಬರ ಕೈ ಬೇಕಾಗುತ್ತಿತ್ತು. ದಿನಾ ಬೆಳಿಗ್ಗೆ ಎಫಿ ಕರೆಯದೆಯೇ ಬರುತ್ತಿದ್ದಳು. ತಾಯಿ ಹೋದ ಮೇಲೂ ಎಫಿ ಬರುವುದು ನಿಲ್ಲಲಿಲ್ಲ. ಮೈ ಒರೆಸುವ ಕೆಲಸದ ಜಾಗಕ್ಕೆ ಡಬ್ಬಿ ಹಾಲಿನ ಚಹಾ ಬಂತು, ಅಷ್ಟೇ.

ಮೆಲ್ವಿನಾ ಮದುವೆಯಾಗಿರಲಿಲ್ಲ. ಆದರೂ ಒಂಟಿ ಅಂತ ಅವಳಿಗೆ ಅನ್ನಿಸಿರಲಿಲ್ಲ. ಅದಕ್ಕೆ ಕಾರಣ ಆ ಬಾಗಿಲು ಎಂಬುದು ಅವಳಿಗೆ ಗೊತ್ತಾದದ್ದು ನಾಯಿ ಬಂದ ಮೇಲೆ.

ನಾಯಿಯನ್ನು ತಂದು ಬಿಟ್ಟವಳು ಸೇಂಟ್ ಜಾನ್ಸ್ ಪಟ್ಟಣದಲ್ಲಿದ್ದ ತಮ್ಮನ ಮಗಳು. ಅವಳ ಹೊಸ ಬಾಡಿಗೆ ಮನೆಯಲ್ಲಿ ನಾಯಿ ಸಾಕುವಂತಿರಲಿಲ್ಲ. ಕರಿಯ, ದಪ್ಪ ತಲೆಯ ಆ ದೊಡ್ಡ ಪ್ರಾಣಿಗೆ ಮಫಿನ್ ಎಂದು ಹೆಸರು.

"ಮಫಿನ್ ಅಂತೆ," ಎಂದ ಎದುರು ಮನೆಯ ಹ್ಯೂಬರ್ಟ್. ವಯಸ್ಸಾದವನಾದ್ದರಿಂದ ಊರಿಗೆಲ್ಲ ಅವನು ಹ್ಯೂಬರ್ಟ್ ಮಾಮ. "ಹೆಸರು ತಿಂಡಿದು, ಬಾಯಿ ಗರಗಸದ್ದು."

ಮೆಲ್ವಿನಾಳ ಜೊತೆಗಿದ್ದಾಗ ಮಫಿನ್ ಹತ್ತಿಯಂತೆ ಮೆತ್ತಗೆ. ರಾತ್ರಿ ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿತ್ತು. ಆದರೆ ಪಟ್ಟಣದ ಮನೆಯಲ್ಲಿ ಗಂಟೆ ಬಾರಿಸದೆ ಒಳಗೆ ಬಂದವರನ್ನೇ ಅದು ಕಂಡಿರಲಿಲ್ಲ. ಇಲ್ಲಿ ಬಾಗಿಲು ತೆರೆದ ಕೂಡಲೇ ಗುರುಗುಟ್ಟಿ, ಬೊಗಳುತ್ತ ಮೇಲೆ ಹಾರುತ್ತಿತ್ತು. ಮೆಲ್ವಿನಾ ಗದರಿದಳು. ಪೇಪರ್ ಸುರುಳಿ ಸುತ್ತಿ ಮೂತಿಗೆ ಎರಡು ಬಿಟ್ಟಳು. ನಾಯಿ ಗುರುಗುಟ್ಟುವುದನ್ನು ಬಿಟ್ಟಿತು. ಬುದ್ಧಿ ಬಂತು ಎಂದುಕೊಂಡಳು. ಮರುದಿನ ಬೆಳಿಗ್ಗೆ ಎಫಿ ಒಳಗೆ ಕಾಲಿಟ್ಟಾಗ ಅದು ಸದ್ದಿಲ್ಲದೆ ಎದ್ದುಹೋಗಿ ಅವಳ ಸ್ವೆಟರಿನ ತೋಳು ಕಚ್ಚಿ ಎಳೆಯಿತು. ಉಣ್ಣೆ ಹರಿಯಿತು, ಚರ್ಮಕ್ಕೆ ತಾಗಲಿಲ್ಲ, ಪುಣ್ಯ.

ಎಫಿ ನಗಲು ನೋಡಿದಳು, ಆಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಹೋದಳು.

ಅವತ್ತು ಮೆಲ್ವಿನಾ ಗಾಳಿಯಿಲ್ಲದ ದಿನ ಮೊದಲ ಸಲ ಕೊಂಡಿ ಹಾಕಿದಳು. ಎಫಿಗೆ ಮತ್ತೆ ಹಾಗಾಗಬಾರದು, ಅವಳು ಬಂದಾಗ ನಾಯಿಯನ್ನು ಕಟ್ಟಿ ಬಾಗಿಲು ತೆಗೆದರಾಯಿತು ಎಂದಷ್ಟೇ ಅವಳ ಲೆಕ್ಕ. ಆದರೆ ಮರುದಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು, ಬಾಗಿಲು ಒಮ್ಮೆ ಅಲುಗಿತು, ನಾಯಿ ಬೊಗಳಿತು. ಅವಳು ಅದರ ಕೊರಳಪಟ್ಟಿ ಹಿಡಿದು ಕಟ್ಟಿ ಬರುವಷ್ಟರಲ್ಲಿ ಹೊರಗೆ ಯಾರೂ ಇರಲಿಲ್ಲ. ಎಫಿ ಬೇಲಿ ದಾಟಿ ಹೋಗುತ್ತಿದ್ದಳು. ಕೂಗಿದರೂ ತಿರುಗಲಿಲ್ಲ. ಆ ಊರಲ್ಲಿ ಮುಖದ ಮೇಲೆ ಬೈದರೆ ಸಂಜೆಗೆ ಮರೆಯುತ್ತಾರೆ. ಕೊಂಡಿ ಹಾಕಿದ್ದನ್ನು ಮರೆಯುವುದಿಲ್ಲ.

ಸುದ್ದಿ ಹಬ್ಬಿತು. ಆ ವಾರ ಅವಳ ಅಡುಗೆಮನೆಗೆ ಯಾರೂ ಬರಲಿಲ್ಲ. ಕೆಟಲ್ ಕುದಿದು ಕುದಿದು ಬತ್ತಿತು.

"ನಾಯಿನ ವಾಪಸ್ ಕಳಿಸು, ಮಗಳೇ," ಎಂದ ಹ್ಯೂಬರ್ಟ್ ಮಾಮ ರಸ್ತೆಯಲ್ಲೇ ನಿಂತು. "ನಿನಗೆ ಜನ ಬೇಕೋ, ಅದು ಬೇಕೋ?"

"ಎರಡೂ ಬೇಕು ಮಾಮ. ಅದಕ್ಕೆ ಹೋಗೋಕೆ ಜಾಗ ಎಲ್ಲಿದೆ? ಕಚ್ಚೋ ನಾಯಿ ಅಂದ್ರೆ ಸೂಜಿ ಚುಚ್ಚಿ ಸಾಯಿಸಿಬಿಡ್ತಾರೆ."

ಅವಳು ಪಕ್ಕದೂರಿನ ಪಶು ಆಸ್ಪತ್ರೆಗೆ ಫೋನ್ ಮಾಡಿದಳು. ನಾಡೀನ್ ಎಂಬ ಡಾಕ್ಟರಮ್ಮ ಸಿಕ್ಕಳು, ಹೊಡೆದದ್ದನ್ನೂ ಸೇರಿಸಿ ಎಲ್ಲ ಕೇಳಿಕೊಂಡಳು. "ಅದು ಸಿಟ್ಟಲ್ಲಮ್ಮ, ಹೆದರಿಕೆ. ಗುರುಗುಟ್ಟೋದು ಅದರ ಮಾತು. ಹೊಡೆದು ಮಾತು ನಿಲ್ಲಿಸಿದ್ರಿ, ಈಗ ನೇರ ಹಲ್ಲಿಗೇ ಬಂತು. ಬಾಗಿಲಿನಿಂದ ದೂರ ಒಂದು ಹಾಸು ಹಾಕಿ, ಅಲ್ಲೇ ಅದಕ್ಕಿಷ್ಟವಾದ್ದು ತಿನ್ನಿಸಿ. ಕಲಿಯೋವರೆಗೂ ಹಗ್ಗ ಬಿಚ್ಚಬೇಡಿ. ಬರೋರು ಮೊದಲು ಬಾಗಿಲು ತಟ್ಟಲಿ. ತಟ್ಟಿದ ಸದ್ದಾದ್ರೆ ಹಾಸಿನ ಮೇಲೆ ತಿಂಡಿ ಸಿಗುತ್ತೆ ಅಂತ ಅದಕ್ಕೆ ಗೊತ್ತಾಗಲಿ."

"ನಮ್ಮೂರಲ್ಲಿ ಯಾರೂ ತಟ್ಟಲ್ಲ ಡಾಕ್ಟ್ರೇ."

"ಒಂದಷ್ಟು ದಿನ ತಟ್ಟಲಿ."

ತಟ್ಟಲು ಹೇಳುವುದೆಂದರೆ ಎಫಿಯನ್ನು ಅಪರಿಚಿತಳೆಂದು ಕರೆದಂತೆ. ಆದರೂ ಮೆಲ್ವಿನಾ ಕೋಟು ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲ ಮುಂದೆ ಒಂದು ಗಳಿಗೆ ನಿಂತು, ತಟ್ಟದೆ ಒಳಗೆ ಕಾಲಿಟ್ಟಳು.

ಎಫಿ ಬಾಣಲೆಯಿಂದ ತಲೆ ಎತ್ತಲಿಲ್ಲ. "ಸೀದಾ ಬಂದುಬಿಟ್ಟೆ. ನಾನೂ ಕೊಂಡಿ ಹಾಕಿರಬೇಕಿತ್ತು."

"ನಿನ್ನ ಕೈ ಕಚ್ಚೀತು ಅಂತ ಹಾಕ್ದೆ ಕಣೇ. ನೀನು ಬರಬಾರದು ಅಂತಲ್ಲ."

"ನಾಯಿಗೆ ಹಾಕೋ ಕೊಂಡಿ ನನಗೆ ಹಾಕಿದೆ."

"ಹೌದು."

ಎಫಿ ಕರಿದ ಹಿಟ್ಟಿನ ಬಿಲ್ಲೆಗಳನ್ನು ತಟ್ಟೆಗೆ ಹಾಕಿ, ಕಾಕಂಬಿ ಸುರಿದು ಅವಳ ಮುಂದೆ ತಳ್ಳಿದಳು. ಮೆಲ್ವಿನಾ ತಿನ್ನುತ್ತ ತಿನ್ನುತ್ತ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ತಟ್ಟುವ ಮಾತು ಬಂದಾಗ ಎಫಿಯ ಹುಬ್ಬು ಮೇಲೇರಿತು.

"ನಿನ್ನ ಅಮ್ಮನ ಮೈ ಒರೆಸೋಕೆ ಬಂದಾಗ ತಟ್ಟಿದ್ನಾ? ಈಗ ನಾಯಿಗೋಸ್ಕರ ತಟ್ಟಲ್ಲ." ಬಾಣಲೆ ಕೆಳಗಿಳಿಸಿ ಹೇಳಿದಳು: "ಆದ್ರೆ ಮೆಟ್ಟಿಲಿಗೆ ಬೂಟು ಹೇಗೂ ಬಡೀತೀನಲ್ಲ. ಆ ಸದ್ದು ಸಾಲದಾ ನಿನ್ನ ಮಹಾರಾಜನಿಗೆ?"

ಸಾಲದೇ? ಮೆಲ್ವಿನಾ ಆ ದಿನವೇ ಒಲೆಯ ಹಿಂದೆ ಹಳೆಯ ಕಂಬಳಿ ಹಾಸಿದಳು. ಹೊರಗಿನ ಗೋಡೆಗೆ ಒಂದು ಡಬ್ಬ ತೂಗುಹಾಕಿ, ಅದರ ತುಂಬ ಒಣಗಿದ ಕ್ಯಾಪ್ಲಿನ್ ಮೀನು ತುಂಬಿದಳು. ಬೆರಳುದ್ದದ ಆ ಮೀನಿಗಾಗಿ ಊರಿನ ನಾಯಿಗಳೆಲ್ಲ ಪ್ರಾಣ ಬಿಡುತ್ತವೆ. ಬಂದವರು ಬೂಟು ಬಡಿಯಬೇಕು. ಅವಳು "ಹಾಸು" ಎಂದು ಮಫಿನ್‌ನನ್ನು ಕಂಬಳಿಗೆ ಕಳಿಸಬೇಕು. ಬಂದವರು ನಾಯಿಯ ಮುಖ ನೋಡದೆ ಅದರತ್ತ ಒಂದು ಮೀನು ಎಸೆದು ಕೂರಬೇಕು. ಗದರುವಂತಿಲ್ಲ, ಮುದ್ದಿಸುವಂತಿಲ್ಲ.

ಮೊದಲ ದಿನಗಳಲ್ಲಿ ಹಗ್ಗ ಬಿಗಿದು ನಿಲ್ಲುತ್ತಿತ್ತು, ಬೊಗಳುವಿಕೆಗೆ ಕಿಟಕಿ ನಡುಗುತ್ತಿತ್ತು. ಎಫಿ ಹೊರಗೆ ಹೋಗುವುದು, ಬೂಟು ಬಡಿದು ಬರುವುದು, ಮೀನು ಎಸೆಯುವುದು, ಮತ್ತೆ ಹೋಗುವುದು. "ನನ್ನ ಮಕ್ಕಳಿಗೂ ಇಷ್ಟು ಓಡಾಡಿಲ್ಲ," ಎನ್ನುತ್ತಿದ್ದಳು, ಆದರೆ ಬರುತ್ತಿದ್ದಳು. ನೋಡಿ ನೋಡಿ ಉಳಿದವರೂ ಬರತೊಡಗಿದರು. ಹ್ಯೂಬರ್ಟ್ ಮಾಮ ಒಂದು ಮೀನು ನಾಯಿಗೆ ಎಸೆದರೆ ಒಂದನ್ನು ತಾನೇ ಅಗಿಯುತ್ತಿದ್ದ.

"ಮಾಮ, ಅದು ನಾಯಿಗೆ ಇಟ್ಟಿದ್ದು."

"ಬೂಟು ನಾನೂ ಬಡಿದಿದ್ದೀನಲ್ಲ."

ಹಿಮ ಕರಗುವ ಹೊತ್ತಿಗೆ ನಾಯಿಯ ಹಗ್ಗ ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕಿದ್ದಾಯಿತು. ಒಂದು ಬೆಳಿಗ್ಗೆ ಮೆಲ್ವಿನಾ ಕೊಟ್ಟಿಗೆಯಿಂದ ಸೌದೆ ಹೊತ್ತು ಬರುವಾಗ, ಎಫಿ ಆಗಲೇ ಬೂಟು ಬಡಿದು ಒಳಗೆ ಹೋಗುತ್ತಿರುವುದು ಕಂಡಿತು. ಒಳಗೆ ನಾಯಿ ಒಂದೇ ಇತ್ತು, ಬಿಚ್ಚಿದ್ದು. ಮೆಲ್ವಿನಾ ಸೌದೆ ಬಿಸಾಡಿ ಓಡಿದಳು. ಬಾಗಿಲಲ್ಲಿ ನಿಂತು ನೋಡಿದರೆ ಮಫಿನ್ ಕಂಬಳಿಯ ಮೇಲೆ ಕೂತು ಬಾಲದಿಂದ ನೆಲ ಗುಡಿಸುತ್ತಿತ್ತು. ಎಫಿ ಕೆಟಲ್ ಮುಟ್ಟಿ ನೋಡುತ್ತಿದ್ದಳು. ಅವಳ ಮೈಮೇಲೆ ಅದೇ ಸ್ವೆಟರು, ತೋಳಿಗೆ ಬೇರೆ ಬಣ್ಣದ ಉಣ್ಣೆಯ ತೇಪೆ.

"ತಣ್ಣಗಾಗಿದೆ," ಎಂದಳು ಎಫಿ. "ಏನೇ ಹಾಗೆ ನಿಂತಿದ್ದೀಯ?"

ಮೆಲ್ವಿನಾಳಿಗೆ ಹೇಳುವುದು ಬಹಳ ಇತ್ತು. ತಾಯಿಯ ಕಾಲದಿಂದಲೂ ಇತ್ತು. "ಬಂದೆಯಲ್ಲ, ಎಫಿ," ಎಂದಳು. ಎಫಿ ಅವಳ ಮುಖ ನೋಡಿ, ಕೆಟಲ್‌ಗೆ ತಾನೇ ನೀರು ತುಂಬಿದಳು.

ಆ ಮಧ್ಯಾಹ್ನ ಮೆಲ್ವಿನಾ ಸ್ಕ್ರೂಡ್ರೈವರ್ ತಂದು ಕೊಂಡಿಯನ್ನು ಬಿಚ್ಚಿ ತೆಗೆದಳು. ಈಗ ಜುಲೈ ಬಿಸಿಲಲ್ಲೂ ಅವಳ ಮನೆಗೆ ಬರುವವರು, ಹಿಮದ ಸುಳಿವೇ ಇಲ್ಲದಿದ್ದರೂ, ಮೆಟ್ಟಿಲಿಗೆ ಕಾಲು ಬಡಿದೇ ಒಳಗೆ ಬರುತ್ತಾರೆ. ಗಾಳಿ ಎದ್ದಾಗ ಬಾಗಿಲು ಬಡಿದುಕೊಳ್ಳುತ್ತದೆ. ಮಫಿನ್ ತಲೆ ಎತ್ತಿ ನೋಡಿ, ಯಾರೂ ಬಂದಿಲ್ಲವೆಂದು ಮತ್ತೆ ಮಲಗುತ್ತದೆ.