ಪರದೆಯ ಮೇಲೆ ಬಂದ ನನ್ನ ಹೆಸರು

ಶಕುನ, ದೆವ್ವ, ಯಾರೋ ಕರೆದ ಹಾಗಾಯಿತು ಅನ್ನುವ ಮಾತು, ಇವನ್ನೆಲ್ಲ ನಂಬಿದವಳಲ್ಲ ನಾನು. ನಮ್ಮ ಹೊನ್ನೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಬಂದವರು ಕಾಡಿನ ದಾರಿಯಲ್ಲಿ ಅದು ಕಂಡಿತು, ಇದು ಕೇಳಿಸಿತು ಎಂದು ಕಣ್ಣು ಅಗಲ ಮಾಡಿಕೊಂಡು ಹೇಳಿದರೆ, "ನಡ್ದು ನಡ್ದು ಕಣ್ಣು ಮಂಜಾಗಿರ್ತದೆ, ಬುಡ್ರಿ" ಎಂದು ನಗುತ್ತಿದ್ದೆ. ಮಾದಪ್ಪನಿಗೆ ಕೈ ಮುಗಿಯುತ್ತೇನೆ, ಅದು ಬೇರೆ ವಿಷಯ. ಆದರೆ ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ಟಾಕೀಸಿನಲ್ಲಿ ಮಧ್ಯಾಹ್ನದ ಆಟದ ಹೊತ್ತಿಗೆ ನಾನು ಕಣ್ಣಾರೆ ಕಂಡದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನೀವು ನಂಬಲೇಬೇಕು ಅಂತ ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಂಬುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಾನು ಸ್ಕೂಲಿಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ಕಲಿತಿದ್ದ ಅಕ್ಷರ ಮರೆತು ಹೋಗದ ಹಾಗೆ ಉಳಿಸಿಕೊಟ್ಟಿದ್ದು ಸಿನಿಮಾ ಪೋಸ್ಟರುಗಳು. ಬಸ್‌ಸ್ಟ್ಯಾಂಡಿನ ಗೋಡೆ, ಹೋಟೆಲಿನ ಹಿಂಬದಿ, ಎಲ್ಲಿ ಅಂಟಿಸಿದ್ದರೂ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಮದುವೆಯಾಗಿ ಹೊನ್ನೂರಿಗೆ ಬಂದ ಮೇಲೆ, ಗದ್ದೆ ನಾಟಿ ಮುಗಿದರೆ ಸಾಕು, ಹೆಂಗಸರೆಲ್ಲ ಸೇರಿ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗುತ್ತಿದ್ದೆವು. ಮ್ಯಾಟನಿ ಆಟ ಮುಗಿಸಿ, ಬೋಂಡ ತಿಂದು, ಕೊನೆಗೆ ಅಳುವ ಸೀನು ನೆನೆದು ಇನ್ನೊಂದು ಸಲ ಬಸ್ಸಿನಲ್ಲಿ ಅತ್ತು ಮನೆ ಸೇರುತ್ತಿದ್ದೆವು.

ಆ ಟಾಕೀಸಿನಲ್ಲಿ ಒಂದು ಪದ್ಧತಿ ಇತ್ತು. ಈಗಿನವರಿಗೆ ಗೊತ್ತಿರಲಾರದು. ಸಿನಿಮಾಕ್ಕೆ ಬಂದವರನ್ನು ಹುಡುಕಿಕೊಂಡು ಊರಿಂದ ಯಾರಾದರೂ ಬಂದರೆ, ಕತ್ತಲಲ್ಲಿ ಒಳಗೆ ನುಗ್ಗಿ ಹುಡುಕಲು ಬಿಡುತ್ತಿರಲಿಲ್ಲ. ಗೇಟಿನಲ್ಲಿ ನಿಂತು ಹೆಸರು ಹೇಳಬೇಕು. ಮೇಲೆ ಕ್ಯಾಬಿನ್ನಿನಲ್ಲಿ ಆಪರೇಟರ್ ನಂಜಪ್ಪ ಒಂದು ಗಾಜಿನ ಚೂರಿನ ಮೇಲೆ ಆ ಹೆಸರು ಬರೆದು, ದೀಪದ ಯಂತ್ರದಲ್ಲಿಟ್ಟು ಪರದೆಗೆ ಬಿಡುತ್ತಿದ್ದ. ನಡೆಯುತ್ತಿರುವ ಸಿನಿಮಾದ ಕೆಳ ಅಂಚಿನಲ್ಲಿ, ಹೀರೋ ಕಾಲಿನ ಹತ್ತಿರ, ಇಂಥಾ ಊರಿನ ಇಂಥವರು ಗೇಟಿಗೆ ಬರತಕ್ಕದ್ದು ಎಂದು ಮೂಡುತ್ತಿತ್ತು. ಹೆರಿಗೆ, ಸಾವು, ಹಸು ತಪ್ಪಿಸಿಕೊಂಡದ್ದು, ನೆಂಟರು ಬಂದದ್ದು, ಎಲ್ಲಕ್ಕೂ ಅದೇ. ನಂಜಪ್ಪ ಬರೆದ ಸಾಲು ನೆಟ್ಟಗೆ ಇರುತ್ತಿರಲಿಲ್ಲ. ಗೋಡೆ ಹತ್ತುವ ಇರುವೆ ಸಾಲಿನ ಹಾಗೆ ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೆ ಏರುತ್ತಿತ್ತು. ಅವನದೊಂದು ಹಟ ಇತ್ತು. ಗೇಟಿನಲ್ಲಿ ಕರೆದವರು ನಿಂತಿದ್ದರೆ ಮಾತ್ರ ಬರೆಯುತ್ತಿದ್ದ. ಸುಮ್ಮನೆ ತಮಾಷೆಗೆ ಅಂದರೆ ಬೈದು ಅಟ್ಟುತ್ತಿದ್ದ.

ನನ್ನ ಹೆಸರೂ ಒಮ್ಮೆ ಬಂದಿತ್ತು. ಮದುವೆಯಾದ ಹೊಸತು. "ಹೊನ್ನೂರು ಪುಟ್ಟತಾಯಮ್ಮ ಗೇಟಿಗೆ ಬರತಕ್ಕದ್ದು" ಎಂದು ನೋಡಿದ್ದೇ ತಡ, ಅತ್ತೆಗೆ ಏನಾಯಿತೋ ಎಂದು ಜನರ ಕಾಲು ತುಳಿದುಕೊಂಡು ಓಡಿದೆ. ಗೇಟಿನಲ್ಲಿ ನಮ್ಮ ಯಜಮಾನರು ಸೈಕಲ್ ಹಿಡಿದು ನಿಂತಿದ್ದರು.

"ಮನೆ ಬೀಗದ ಕೈ ನಿನ್ ಸೊಂಟ್ದಲ್ಲೇ ಅದಲ್ಲಾ, ನಾನ್ ಊಟ ಮಾಡದೆಂಗಮ್ಮಿ?" ಅಂದರು.

ಬೀಗದ ಕೈ ಸೊಂಟದಲ್ಲೇ ಇತ್ತು. ಗೇಟಿನವನು ನಕ್ಕಿದ್ದೇ ನಕ್ಕಿದ್ದು. ಆಮೇಲೆ ವರ್ಷಗಟ್ಟಲೆ ಊರಿನ ಹೆಂಗಸರು ನನ್ನನ್ನು ಬೀಗದ ಕೈ ಪುಟ್ಟತಾಯಿ ಎಂದೇ ಕರೆದರು.

ಕಾಲ ಹಾಗೇ ಇರಲಿಲ್ಲ. ಯಜಮಾನರು ಹೋದರು. ನಂಜಪ್ಪನೂ ಹೋದ. ಮನೆ ಮನೆಗೆ ಟೀವಿ ಬಂತು, ಆಮೇಲೆ ಕೈಕೈಗೆ ಫೋನು ಬಂತು. ಟಾಕೀಸಿನಲ್ಲಿ ಕುರ್ಚಿಯ ಸ್ಪಂಜು ಇಲಿ ತಿಂದವು, ಪಾರಿವಾಳ ಗೂಡು ಕಟ್ಟಿದವು. ಕೊರೊನಾ ಬಂದು ಮುಚ್ಚಿದ ಬಾಗಿಲು ಮತ್ತೆ ತೆಗೆದರೂ ಜನ ಬರಲಿಲ್ಲ. ಕೊನೆಗೆ ಒಂದು ದಿನ ಸುದ್ದಿ ಬಂತು: ಟಾಕೀಸು ಒಡೆದು ಕಲ್ಯಾಣ ಮಂಟಪ ಕಟ್ಟುತ್ತಾರಂತೆ, ಈ ಶುಕ್ರವಾರವೇ ಕೊನೆಯ ಆಟವಂತೆ.

ಆಗ ನನ್ನ ಮಗಳು ಸವಿತಾ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳನ್ನು ಹನೂರಿಗೆ ಕೊಟ್ಟಿದ್ದೇವೆ. ಅಳಿಯ ಬೆಟ್ಟಕ್ಕೆ ಟೆಂಪೊ ಓಡಿಸುತ್ತಾನೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಎರಡು ಸಲ ಬಸಿರು ನಿಂತದ್ದೂ ಕೈಗೆ ಬಾರದೆ, ಇದು ಉಳಿದು ಬೆಳೆದಿತ್ತು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಒಂದು ತಿಂಗಳ ಮೇಲೆ ಇತ್ತು. ನಾನು ಕೊನೆಯ ಆಟಕ್ಕೆ ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದರೆ ಅವಳೇ ಅಂದಳು:

"ಓಗ್ಬುಟ್ಟು ಬಾ ಕಣವ್ವ. ನೀನಿಲ್ಲಿ ಕೂತು ಮೊಕ ಗಂಟಾಕಂಡ್ರೆ ನನ್ ಕೂಸೂ ಗಂಟ್‌ಮೊಕದ್ದೇ ಉಟ್ತದೆ. ನಾನು ಫೋನಲ್ಲಿ ಸಿನ್ಮಾ ಆಕ್ಕಂಡು ಮನೀಕತೀನಿ."

"ಅದ್ರಲ್ಲಿ ಏನ್ ಕಂಡದೆ? ಈರೋ ಕಡ್ಲೆಕಾಯ್ ಗಾತ್ರ ಅವ್ನೆ" ಅಂದೆ.

"ನಿನ್ ಈರೋನ್ನ ನೀನ್ ದೊಡ್ದಾಗೇ ನೋಡ್ಕಂಡ್ ಬಾ. ಬೀಗದ ಕೈ ಮಾತ್ರ ಇಲ್ಲೇ ಮಡಗು" ಎಂದು ನಗಿಸಿ ಕಳಿಸಿದಳು.

ಪಕ್ಕದ ಮನೆಯ ಗಿರಿಜಮ್ಮನಿಗೆ ಒಂದು ಕಣ್ಣಿಟ್ಟಿರು ಎಂದು ಹೇಳಿ, ನನ್ನ ಹಳೆಯ ಜೊತೆಗಾತಿ ಸಿದ್ದಮ್ಮನನ್ನು ಎಳೆದುಕೊಂಡು ಹೋದೆ. ನನ್ನ ಚಿಕ್ಕ ಫೋನು ಚಾರ್ಜಿಗೆ ಹಾಕಿದ್ದು ಮನೆಯಲ್ಲೇ ಉಳಿಯಿತು.

ಟಾಕೀಸಿನಲ್ಲಿ ಬೆರಳೆಣಿಕೆಯ ಜನ. ಕೊನೆಯ ಆಟಕ್ಕೆಂದು ಹಳೆಯ ಸಿನಿಮಾ ಒಂದನ್ನೇ ಹಾಕಿದ್ದರು. ನನಗಂತೂ ಸಂತೋಷವೋ ಸಂತೋಷ. ಕಡ್ಲೆಕಾಯಿ ಬಿಡಿಸಿ ತಿನ್ನುತ್ತಾ, ಮುಂದೆ ಬರುವ ಮಾತನ್ನು ನಾನೇ ಮೊದಲು ಹೇಳುತ್ತಾ, ಸಿದ್ದಮ್ಮನಿಂದ "ಬಾಯ್ ಮುಚ್ಕಂಡ್ ನೋಡೇ" ಅಂತ ಬೈಸಿಕೊಳ್ಳುತ್ತಾ ಕೂತಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನನಗೆ ಆಗ ಮಗಳ ಚಿಂತೆ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಮನಸ್ಸಿನ ಭ್ರಮೆ ಅಂತ ನಾನೇ ಒಪ್ಪಿಕೊಳ್ಳುತ್ತಿದ್ದೆ.

ಇಂಟರ್‌ವೆಲ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಹೀರೋಯಿನ್ನು ಬಾವಿಕಟ್ಟೆಯಲ್ಲಿ ಕೂತು ಹಾಡುತ್ತಿದ್ದಳು. ಅವಳ ಸೀರೆ ಸೆರಗಿನ ಕೆಳಗೆ ಬಿಳಿಯ ಅಕ್ಷರ ಮೂಡಿತು. ಹೊನ್ನೂರು ಪುಟ್ಟತಾಯಮ್ಮ ಗೇಟಿಗೆ ಬರತಕ್ಕದ್ದು. ಸಾಲು ಬಲಕ್ಕೆ ಹೋಗುತ್ತಾ ಮೇಲಕ್ಕೆ ಏರಿತ್ತು.

ನನಗೆ ಭಯವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಅದೇ ನೋಡಿ ವಿಚಿತ್ರ. ಟಾಕೀಸಿನಲ್ಲಿ ಹೆಸರು ಬಂದರೆ ಏಳಬೇಕು, ಅಷ್ಟೇ ತಲೆಗೆ ಹೊಳೆದದ್ದು. ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಬೀಗದ ಕೈ ತಡಕಿತು. ಮಡಿಲಿನ ಕಡ್ಲೆಕಾಯಿ ಎಲ್ಲ ಚೆಲ್ಲಿ ಎದ್ದೆ. ಬಾಗಿಲು ದಾಟಿ ಬಿಸಿಲಿಗೆ ಬಂದ ಮೇಲೆ ಕಾಲು ನಿಂತವು. ಗೇಟಿನಲ್ಲಿ ಯಾರೂ ಇರಲಿಲ್ಲ. ಗೇಟಿನವನು ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದ.

"ನನ್ನ ಯಾರಪ್ಪ ಕರ್ದೋರು?" ಅಂದೆ.

"ಯಾರೂ ಇಲ್ವಲ್ಲ ಅಜ್ಜಿ. ಮದ್ಯಾನ್ದಿಂದ ಒಂದ್ ನಾಯೂ ಬಂದಿಲ್ಲ."

"ಹೆಸ್ರು ಬುಟ್ರಲ್ಲಾ ಪರ್ದೆ ಮ್ಯಾಲೆ!"

ಅವನು ನನ್ನ ಮುಖವನ್ನೇ ನೋಡಿದ. "ಬಿಸ್ಲು ಜಾಸ್ತಿ ಅದೆ, ನೀರ್ ಕುಡಿ ಅಜ್ಜಿ" ಅಂದ.

ನನಗೆ ಹಟ ಬಂತು. ಬರೆದಿದ್ದಾರೆ ಅಂದರೆ ಯಾರೋ ಕರೆದಿದ್ದಾರೆ, ಕರೆದಿದ್ದಾರೆ ಅಂದರೆ ಕೆಲಸವಿದೆ. ಅವನ ಫೋನಿನಿಂದಲೇ ಸವಿತಾಳ ನಂಬರಿಗೆ ಮಾಡಿಸಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರೂ ಎತ್ತಲಿಲ್ಲ. ಸಿದ್ದಮ್ಮನಿಗೆ ಹೇಳಲೂ ಒಳಗೆ ಹೋಗಲಿಲ್ಲ. ರಸ್ತೆಯಲ್ಲಿ ಬಂದ ಆಟೋಗೆ ಅಡ್ಡ ನಿಂತು ಹತ್ತಿ, "ಹೊನ್ನೂರು, ಎಲ್ಲೂ ನಿಲ್ಲಿಸ್ಬೇಡ" ಅಂದೆ.

ಮನೆ ಮುಂದೆ ಇಳಿದಾಗ ಒಳಗಿಂದ ಸಿನಿಮಾ ಜೋರಾಗಿ ಕೇಳಿಸುತ್ತಿತ್ತು. ಗಿರಿಜಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಏನಕ್ಕ ಇಷ್ಟ್ ಬಿರ್ನೆ ಬಂದ್ಬುಟ್ಟೆ? ನಿನ್ ಮಗ್ಳು ಅದ್ಯಾವ ಗೋಳಿನ್ ಸಿನ್ಮಾ ಆಕವ್ಳೋ, ಆವಾಗ್ಲಿಂದ ಒಂದೇ ಸಮ ಅಳ್ತಾವ್ರೆ ಅದ್ರಲ್ಲಿ" ಅಂದಳು.

ಅಳುತ್ತಿದ್ದದ್ದು ಸಿನಿಮಾ ಅಲ್ಲ. ಸವಿತಾ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಸೀರೆಯೆಲ್ಲ ರಕ್ತ. ಫೋನು ನಡುಮನೆಯ ಮಂಚದ ಮೇಲೆ ತನ್ನ ಪಾಡಿಗೆ ಹಾಡುತ್ತಾ ಕುಣಿಯುತ್ತಾ ಇತ್ತು. ಅವಳು ಗಿರಿಜಮ್ಮನನ್ನು ಕೂಗಿ ಕೂಗಿ ಗಂಟಲು ಬತ್ತಿಹೋಗಿತ್ತು. ಗಿರಿಜಮ್ಮನ ತಪ್ಪೇನೂ ಇಲ್ಲ. ಎಲ್ಲರ ಮನೆಯಿಂದಲೂ ದಿನವೆಲ್ಲ ಯಾರೋ ಅಳುವುದು, ಯಾರೋ ಕೂಗುವುದು ಕೇಳುತ್ತಲೇ ಇರುತ್ತದೆ. ಯಾವುದು ಟೀವಿ, ಯಾವುದು ಮನುಷ್ಯರು ಅಂತ ಯಾರು ಎದ್ದು ಹೋಗಿ ನೋಡುತ್ತಾರೆ?

ಅದೇ ಆಟೋದಲ್ಲಿ, ನಾನೂ ಗಿರಿಜಮ್ಮನೂ ಎರಡು ಕಡೆ ಹಿಡಿದುಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ತಂದೆವು. ಅಳಿಯ ಘಾಟಿಯಲ್ಲಿದ್ದ, ಫೋನು ಸಿಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆ ಬಾಗಿಲು ತೆಗೆದಾಗ ನರ್ಸಮ್ಮನ ಕೈಯಲ್ಲಿ ಬಟ್ಟೆ ಸುತ್ತಿದ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕೂಸು. ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿತ್ತು. ಆಹಾ, ಆ ಅರಚಾಟದಷ್ಟು ಚೆಂದದ ಹಾಡನ್ನು ನಾನು ಯಾವ ಸಿನಿಮಾದಲ್ಲೂ ಕೇಳಿಲ್ಲ! ಡಾಕ್ಟರಮ್ಮ ಬಂದು, "ಇನ್ನೂ ಸ್ವಲ್ಪ ತಡ ಮಾಡಿದ್ರೆ ಇಬ್ರೂ ಇರ್ತಿರ್ಲಿಲ್ಲ. ಒಳ್ಳೆ ಟೈಮಿಗೆ ನೋಡಿದ್ದೀರಿ" ಅಂದರು. ನೋಡಿದ್ದು ನಾನಲ್ಲಮ್ಮ ಎಂದು ಹೇಳಬೇಕೆನಿಸಿತು. ಹಾಗಾದರೆ ಯಾರು ಎಂದು ಅವರು ಕೇಳಿದರೆ ಏನು ಹೇಳಲಿ? ಕೈ ಮುಗಿದೆ.

ಸಿದ್ದಮ್ಮನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅವಳ ಕಣ್ಣು ಚುರುಕು, ದೂರದ ಬಸ್ಸಿನ ಬೋರ್ಡು ನನಗಿಂತ ಮೊದಲು ಓದುತ್ತಾಳೆ. "ಮಾದಪ್ಪನಾಣೆ, ನಂಗೇನೂ ಕಾಣ್ಲಿಲ್ಲ ಕನಮ್ಮಿ. ಆಡು ನಡೀತಿತ್ತು, ನೀನು ದಡಕ್ಕಂತ ಎದ್ದೆ. ಉಚ್ಚೆಗೋಯ್ತಾಳೆ ಅನ್ಕಂಡೆ" ಅನ್ನುತ್ತಾಳೆ. ಮಗು ಮನೆಗೆ ಬಂದ ಮೇಲೆ ಟಾಕೀಸಿಗೂ ಹೋಗಿ ಕೇಳಿದೆ. ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ಈಗಿನ ಆಪರೇಟರ್ ನನ್ನನ್ನು ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ತೋರಿಸಿದ. ಒಂದು ಕಪ್ಪು ಪೆಟ್ಟಿಗೆ, ಕಂಪ್ಯೂಟರಿನ ತರಹ. ರೀಲೂ ಇಲ್ಲ, ಗಾಜೂ ಇಲ್ಲ. ಹೆಸರು ಬಿಡುವ ಹಳೆಯ ದೀಪದ ಯಂತ್ರ ನಂಜಪ್ಪನ ಕಾಲದಲ್ಲೇ ಗುಜರಿಗೆ ಹೋಯಿತಂತೆ. "ಇದ್ರಲ್ಲಿ ಹೆಸ್ರು ಬರ್ಯಕ್ಕೆ ನಂಗೇ ಬರಾಕಿಲ್ಲ ಅಜ್ಜಿ" ಅಂದ.

ಸವಿತಾ ಹೇಳುತ್ತಾಳೆ, "ತಾಯಿ ಕರ್ಳು ಕಣವ್ವ, ನಿನ್ ಮನ್ಸೇ ಬರ್ಕಂಡದೆ" ಎಂದು. ಇರಬಹುದು. ಕಡ್ಲೆಕಾಯಿ ತಿನ್ನುತ್ತಾ ನಗುತ್ತಿದ್ದ ಮನಸ್ಸು ಅದು ಹೇಗೆ ಬರೆಯಿತು? ಬರೆದರೂ ನಂಜಪ್ಪನ ಕೈಬರಹದಲ್ಲಿ ಯಾಕೆ ಬರೆಯಿತು? ಇವುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಗೇಟಿನಲ್ಲಿ ಯಾರಾದರೂ ನಿಂತು ಕರೆಯದೆ ನಂಜಪ್ಪ ಯಾವತ್ತೂ ಹೆಸರು ಬರೆದವನಲ್ಲ. ಹಾಗಾದರೆ ಅವತ್ತು ಗೇಟಿನಲ್ಲಿ ನಿಂತಿದ್ದವರು ಯಾರು? ಸೈಕಲ್ ಹಿಡಿದುಕೊಂಡಿದ್ದರೇ? ನನಗೆ ಗೊತ್ತಿಲ್ಲ. ಗೊತ್ತು ಅಂದರೆ ಸುಳ್ಳಾಗುತ್ತದೆ.

ಆ ಕೂಸು ನನ್ನ ಗೌರಿ. ಈಗ ಅಂಗನವಾಡಿಗೆ ಹೋಗುತ್ತಾಳೆ. ಅವಳ ಸುದ್ದಿ ಶುರು ಮಾಡಿದರೆ ನಾನು ನಿಲ್ಲಿಸುವವಳಲ್ಲ, ನೀವು ಓದಿ ಮುಗಿಸುವವರಲ್ಲ. ಇದ್ದಿಲು ಸಿಕ್ಕರೆ ಸಾಕು, ಗೋಡೆ ತುಂಬ ಅ ಆ ಇ ಈ. ಅಕ್ಷರ ಕೂಡಿಸಿ ನನ್ನ ಹೆಸರು, ಅವಳ ಹೆಸರು, ನಾಯಿಯ ಹೆಸರು ಎಲ್ಲ ಓದುತ್ತಾಳೆ. ಆದರೆ ಟಾಕೀಸು ಅಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಕೊಳ್ಳೇಗಾಲದಲ್ಲಿ ಆ ಜಾಗ ತೋರಿಸಿದರೆ, "ಮದ್ವೆ ಮನೆ" ಅನ್ನುತ್ತಾಳೆ.

ಅದಕ್ಕೇ, ತಾಯಿ ಮಗಳು ನನ್ನ ಮನೆಗೆ ಬಂದಿರುವಾಗಲೇ ತೀರ್ಮಾನ ಮಾಡಿದ್ದೇನೆ. ಈ ಭಾನುವಾರ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ದೊಡ್ಡ ಪರದೆಯ ಮುಂದೆ ಕೂರಿಸುತ್ತೇನೆ. "ಮನೇಲೇ ದೊಡ್ ಟೀವಿ ಅದಲ್ಲವ್ವ, ಬಸ್ಸಲ್ಲಿ ಕೂಸ್ಗೆ ವಾಂತಿ ಆಯ್ತದೆ" ಎಂದು ಸವಿತಾ ಅಡ್ಡ ಹಾಕಿದಳು. "ವಾಂತಿ ಆದ್ರೆ ಒರುಸ್ತೀನಿ. ನಿನ್ ಟೀವಿ ಎದ್ರಿಗೆ ಸತ್ರೂ ಕರ್ಯೋರಿಲ್ಲ" ಅಂದೆ. ಅವಳೇ ಎದ್ದು ಮಗುವಿನ ಫ್ರಾಕು ಇಸ್ತ್ರಿ ಮಾಡಲು ತೆಗೆದಳು.

ಕತೆಯನ್ನು ಗೌರಿಗೂ ಹೇಳಿದ್ದೇನೆ. ನಿನ್ನೆ ಮಲಗುವ ಮುಂಚೆ ಕೇಳಿದಳು, "ಅಜ್ಜಿ, ನಿನ್ನೆಸ್ರು ಮತ್ತೆ ಬತ್ತದಾ?"

"ಗೊತ್ತಿಲ್ಲ ಕಣ್ ಕೂಸು."

"ಬಂದ್ರೆ ನಾ ಓದ್ತೀನಿ. ನೀ ಓಡ್ಬ್ಯಾಡ."

ಹೌದು, ಅವತ್ತು ನಾನು ಓಡಿಬಿಟ್ಟೆ. ಗೇಟಿನ ಆಚೆ, ಬೇವಿನ ಮರದ ಕೆಳಗೆ, ಸೈಕಲ್ ನಿಲ್ಲಿಸುವ ಕಡೆ ತಿರುಗಿ ನೋಡಲೇ ಇಲ್ಲ. ಈ ಸಲ ನೋಡುವವರು ಇಬ್ಬರಿರುತ್ತೇವೆ. ಪರದೆಯ ಕೆಳ ಅಂಚು ನೋಡಲು ಅವಳಿಗೆ ಹೇಳಿಕೊಟ್ಟಿದ್ದೇನೆ. ಹೆಸರು ಬಂದರೆ ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಎದ್ದು ಹೋಗುತ್ತೇನೆ, ಗೇಟಿನಲ್ಲಿ ನಿಲ್ಲುತ್ತೇನೆ. ಅಲ್ಲಿ ಯಾರಾದರೂ ಇದ್ದರೆ, ಇಗೋ, ನೀವು ಕರೆದು ಉಳಿಸಿದ ಕೂಸು ಎಂದು ತೋರಿಸಬೇಕು.