ಕೂಗುವ ಬ್ರೇಕು

ನನ್ನ ಹೆಂಡತಿಯ ಅಣ್ಣ ಗೂಡಲೂರಿನ ಕಡೆ ಒಂದು ಟೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತೋಟದ ದೊರೆ ಎಸ್ಟೇಟನ್ನು ಮಾರಿ ಹೊರಟಾಗ ತನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಅವರಿಗೆ ಕೊಟ್ಟುಹೋಗಿದ್ದ. ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು, ನೆಲಕ್ಕೆ ಅಂಟಿದ ಹಾಗೆ ಕೂತ ಕೆಂಪು ಗಾಡಿ. ಮದುವೆಯಾಗದ ಅವರು ತೀರಿಕೊಂಡ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಅದು ಚಾಮರಾಜನಗರದ ನಮ್ಮ ಮನೆಗೆ ಬಂತು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬೆಳಕು ಹರಿಯುವ ಮುಂಚೆ ಏಳುವುದು, ಇಸ್ತ್ರಿ ಅಂಗಿ, ರಸ್ತೆಯ ಎಡಬದಿಯಲ್ಲೇ ನಡಿಗೆ. ಬೀದಿಯ ಅರ್ಧ ಗಂಡಸರು ಒಂದು ಕಾಲದಲ್ಲಿ ನನ್ನ ಮುಂದೆ ಸಾಲಾಗಿ ನಿಂತವರು. ಸೈಕಲ್ ಬೆಲ್ಲನ್ನು ಸುಮ್ಮನೆ ಬಾರಿಸಿದ್ದಕ್ಕೆ ಅವರನ್ನು ಮೈದಾನದ ಸುತ್ತ ಓಡಿಸಿದ್ದೆ. ಅಂಥವನ ಗೇಟಿನೊಳಗೆ ಈ ಕಾರು ಬಂದು ನಿಂತಿತು. ಎದುರು ಮನೆಯಲ್ಲಿದ್ದ ಬಟ್ಟೆ ಅಂಗಡಿಯವನು, ಅವನೂ ನನ್ನ ಶಿಷ್ಯನೇ, ಮೊದಲ ದಿನವೇ ಕೇಳಿದ:

"ಸಾ, ಅರ್ಧ ಕಾರು ಬಂದದೆ. ಇನ್ನರ್ಧ ಯಾವಾಗ ಬತ್ತದೆ?"

ಮಾರಿಬಿಡೋಣ ಎಂದೆ. ಕೊಯಮತ್ತೂರಿನವರೊಬ್ಬರು ನೋಡಿಕೊಂಡೂ ಹೋದರು. ಹೆಂಡತಿ ಬೇಡ ಅನ್ನಲಿಲ್ಲ.

"ಮಾರದಾದ್ರೆ ಮಾರಿ. ಅದ್ಕೂ ಮೊದ್ಲು ಒಂದ್ಸಲ ನಮ್ಮಣ್ಣನ ಗಾಡೀಲಿ ಭೀಮನಬೀಡಿಗೆ ಹೋಗ್ಬರನ" ಎಂದಳು.

ಭೀಮನಬೀಡು ಅವಳ ತವರು. ಅಣ್ಣ ಊರಿಗೆ ಬಂದಾಗಲೆಲ್ಲ ಆ ಕಾರಿನಲ್ಲೇ ಬರುತ್ತಿದ್ದರು. ಒಂದು ಸಲ ನಿನ್ನನ್ನೂ ಕೂರಿಸಿಕೊಂಡು ಊರೊಳಗೆ ಹೋಗ್ತೀನಿ ಎಂದು ತಂಗಿಗೆ ಹೇಳುತ್ತಲೇ ಇದ್ದರು. ಅದು ಆಗಲೇ ಇಲ್ಲ.

ಹೊರಡುವ ಮೊದಲು ಗಾಡಿಯ ಚಕ್ರ ಬಿಚ್ಚಿ ನೋಡುವುದು ನನ್ನ ಪದ್ಧತಿ. ಮುಂದಿನ ಚಕ್ರಗಳಲ್ಲಿ ತಟ್ಟೆಯಂಥ ಡಿಸ್ಕುಗಳಿದ್ದವು. ಅವನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಬ್ರೇಕ್ ಪ್ಯಾಡುಗಳು ಸವೆದು ತೆಳ್ಳಗಾಗಿದ್ದವು. ನಮ್ಮೂರ ಮೆಕ್ಯಾನಿಕ್ ನೋಡಿ ಕೈಯೊರೆಸಿಕೊಂಡ. "ಮೆತ್ತಗೆ ಓಡುಸ್ಕೊಂಡು ಗುಂಡ್ಲುಪೇಟೆಗೆ ಹೋಗಿ ಸಾ. ಊಟಿ ಘಾಟಿ ಇಳ್ಯೋ ಲಾರಿಗಳೆಲ್ಲ ಅಲ್ಲೇ ಬ್ರೇಕ್ ಲೈನರ್ ಹಾಕ್ಸದು." ಭೀಮನಬೀಡಿಗೆ ದಾರಿಯೂ ಅದೇ.

ಕತ್ತಲಿರುವಾಗಲೇ ಕಾರು ಹೊರಡಿಸಿದೆ. ಆಮೇಲೆ ಬಿಸಿಲು ಎಂದು ಹೆಂಡತಿಗೆ ಹೇಳಿದೆ. ಬೀದಿಯವರು ಏಳುವುದರೊಳಗೆ ಊರು ದಾಟಬೇಕೆಂಬುದು ನನ್ನ ಲೆಕ್ಕ. ಗೇಟಿಗೆ ಬೀಗ ಹಾಕಿ, ಯಾವತ್ತಿನಂತೆ ಬೀಗದ ಕೈಯನ್ನು ಅವಳಿಗೆ ಕೊಟ್ಟೆ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳ್ಳೆಯ ಸೀರೆ ಉಟ್ಟಿದ್ದಳು, ಮಡಿಲಲ್ಲಿ ಹೂವು ಹಣ್ಣಿನ ಬುಟ್ಟಿ. ತೆರಕಣಾಂಬಿ ದಾಟಿದ ಮೇಲೆ ತಲೆಯ ಮೇಲಿನ ಕ್ಯಾನ್ವಾಸನ್ನು ಮುಟ್ಟಿ, "ಇದ್ನ ತೆಗೀರಿ" ಎಂದಳು.

"ಗಾಳಿ ಹೊಡೆಯುತ್ತೆ."

"ಗಾಳಿ ಬರ್ಲಿ ಅಂತ್ಲೇ ಹೇಳಿದ್ದು."

ನಾನು ತೆಗೆಯಲಿಲ್ಲ.

ಗುಂಡ್ಲುಪೇಟೆಯ ಲೈನರ್ ಅಂಗಡಿಯವನು ಹಳೆಯ ಪ್ಯಾಡನ್ನು ತಿರುಗಿಸಿ ನೋಡಿದ ಕೂಡಲೇ, "ಇದು ನನ್ ಕೈದೇ ಸಾ. ಎಸ್ಟೇಟ್ ರೈಟ್ರ ಗಾಡಿ ಅಲ್ವಾ?" ಎಂದ. ಲಾರಿಯ ಲೈನರನ್ನು ಕತ್ತರಿಸಿ ಈ ಪ್ಲೇಟುಗಳಿಗೆ ಕೂರಿಸಿಕೊಟ್ಟಿದ್ದನಂತೆ. ಈಗಲೂ ಹಾಗೇ ಮಾಡಬಹುದು. ಅದು ಗಟ್ಟಿ, ಬಹಳ ಕಾಲ ಬರುತ್ತದೆ, ಘಾಟಿಯಲ್ಲಿ ಕಾದರೂ ಹಿಡಿತ ಬಿಡುವುದಿಲ್ಲ. ಇಲ್ಲವಾದರೆ ಬೇರೊಂದು ಕಾರಿನ ರೆಡಿಮೇಡ್ ಪ್ಯಾಡು ಇದೆ, ಅಂಚು ಉಜ್ಜಿದರೆ ಇದಕ್ಕೆ ಕೂರುತ್ತದೆ, ಆದರೆ ಮೆದು, ಬೇಗ ಸವೆಯುತ್ತದೆ. ಎರಡನ್ನೂ ನನ್ನ ಮುಂದಿಟ್ಟ.

ಶಾಲೆಗೆ ಚೆಂಡು ಕೊಳ್ಳುವಾಗ ಹೆಚ್ಚು ಬಾಳುವುದನ್ನೇ ಆರಿಸುತ್ತಿದ್ದವನು ನಾನು. ಆ ದಿನ ಎರಡನ್ನೂ ಉಗುರಿನಿಂದ ಕೆರೆದು ನೋಡಿ, "ಇದರಲ್ಲಿ ಯಾವುದು ಕೂಗಲ್ಲ?" ಎಂದೆ.

"ಮೆದೂದು ಸದ್ದು ಮಾಡಲ್ಲ. ಲಾರೀದು ಕೂಗ್ತದೆ."

"ಹಾಗಾದ್ರೆ ಮೆದೂದೇ ಹಾಕು."

"ಎಲ್ರೂ ನಿಲ್ತದಾ ಅಂತ ಕೇಳ್ತಾರೆ. ನೀವೇನು ಸಾ, ಕೂಗ್ತದಾ ಅಂತೀರ?"

"ಊರೋರೆಲ್ಲ ತಿರುಗಿ ನೋಡ್ತಾರಯ್ಯ. ಈ ವಯಸ್ಸಲ್ಲಿ, ಇಂಥ ಗಾಡೀಲಿ, ಪಕ್ಕದಲ್ಲಿ ಹೆಂಡ್ತೀನ ಕೂರಿಸ್ಕೊಂಡು... ಮಾನ ಹೋಗುತ್ತೆ."

ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಕೇರಳದ ಲಾರಿ ಡ್ರೈವರೊಬ್ಬ, "ಸ್ವಂತ ಹೆಂಡ್ತಿನೇ ಅಲ್ವಾ ಸಾರೇ? ಮತ್ತೆ ಯಾಕೆ ಹೆದರ್ತೀರಿ?" ಎಂದ. ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕು ಹಿಂದಕ್ಕೆ ತಿರುಗಿದೆ. ಕಾರಿನಲ್ಲಿ ಮರೆತು ಬಂದಿದ್ದ ನನ್ನ ಕನ್ನಡಕ ಹಿಡಿದುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಕನ್ನಡಕವನ್ನು ನನ್ನ ಕೈಗೆ ಕೊಟ್ಟಳು. ಲಾರಿ ಲೈನರಿನ ತುಂಡನ್ನು ಎತ್ತಿಕೊಂಡು ಅಂಗಡಿಯವನನ್ನು ಕೇಳಿದಳು: "ನಮ್ಮಣ್ಣ ಹಾಕ್ಸಿದ್ದು ಇದೇನಾ?"

"ಇದೇ ಕಣಮ್ಮ."

"ಇದೇ ಇರ್ಲಿ."

ಪ್ಯಾಡು ಸಿದ್ಧವಾಗುವ ತನಕ ರಸ್ತೆಯ ಕಡೆ ಮುಖ ಮಾಡಿ ಕೂತಳು. ನಾನು ಕನ್ನಡಕ ಒರೆಸಿದೆ, ಮತ್ತೆ ಒರೆಸಿದೆ. ಹೊರಡುವಾಗ, ಅವಳು ಮತ್ತೆ ಕೇಳದಿದ್ದರೂ, ಕ್ಯಾನ್ವಾಸನ್ನು ಮಡಚಿದೆ.

ಭೀಮನಬೀಡು ಇನ್ನೇನು ಬಂತು ಅನ್ನುವಾಗ ರಸ್ತೆಯ ತುಂಬ ಹುರುಳಿ ಬಳ್ಳಿ ಹರಡಿದ್ದರು. ಓಡಾಡುವ ಗಾಡಿಗಳು ತುಳಿದು ಕಾಳು ಉದುರಿಸಲಿ ಎಂದು ನಮ್ಮ ಕಡೆ ಹಾಗೆ ಹರಡುತ್ತಾರೆ. ಬಸ್ಸು ಲಾರಿಗಳಿಗೆ ಅಡ್ಡಿಯಿಲ್ಲ. ನಮ್ಮದು ಹೊಟ್ಟೆ ನೆಲಕ್ಕೆ ತಾಗುವಂಥ ಗಾಡಿ. ಒಣಗಿದ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡರೆ ಬೆಂಕಿ ಹತ್ತಿದರೂ ಹತ್ತಿತು. ಬ್ರೇಕು ಒತ್ತಿದೆ. ಅದು ಕೂಗಿದ ಕೂಗಿಗೆ ಗದ್ದೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು.

ಬಳ್ಳಿ ಕೊಡವುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲಿ ವಯಸ್ಸಾದವಳೊಬ್ಬಳು ಓಡಿಬಂದವಳು ಹೆಂಡತಿಯ ಮುಖ ನೋಡಿ ನಿಂತುಬಿಟ್ಟಳು.

"ನಿಮ್ಮಣ್ಣ ಬಂದ ಅಂದ್ಕಂಡೆ ಕಣವ್ವ. ಅದೇ ಕೂಗು."

ಹೆಂಡತಿ ಬುಟ್ಟಿಯನ್ನು ಸೀಟಿನ ಮೇಲಿಟ್ಟು ಇಳಿದಳು. ಆ ಮುದುಕಿ ಅವಳ ಗಲ್ಲ ಹಿಡಿದುಕೊಂಡಳು. ಉಳಿದವರು ಹುರುಳಿಯನ್ನು ಪಕ್ಕಕ್ಕೆ ಎಳೆದು ಕಾರಿಗೆ ದಾರಿ ಮಾಡತೊಡಗಿದರು. ಹರಡಿದ ಬಳ್ಳಿಯನ್ನು ಯಾರ ಗಾಡಿಗೂ ತೆಗೆಯದ ಜನ.

"ಅವ ಬಂದಾಗೆಲ್ಲ ಹಿಂಗೇ ದಾರಿ ಬುಡ್ತಿದ್ದೊ. ಬೊಯ್ಕೊಂಡು ಬುಡ್ತಿದ್ದೊ ಅನ್ನು" ಎಂದಳು ಮುದುಕಿ. ಆಮೇಲೆ ನನ್ನನ್ನು ನೋಡಿ, "ಇವ್ರು ನಿಮ್ ಯಜಮಾನ್ರಾ? ಯಾಕವ್ವ ಮೊಕ ಹಿಂಗಿಟ್ಕಂಡವ್ರೆ?"

"ಬ್ರೇಕು ಕೂಗ್ತದಲ್ಲ, ಅದ್ಕೆ" ಎಂದಳು ನನ್ನ ಹೆಂಡತಿ.

ಅವಳನ್ನು ಕೂರಿಸಿಕೊಂಡು ಊರೊಳಗೆ ಹೋದೆ. ಅವಳು ಎರಡೂ ಕಡೆ ನೋಡಿ ಎಲ್ಲರನ್ನೂ ಮಾತಾಡಿಸಿದಳು. ನಾನು ರಸ್ತೆಯನ್ನು ಮಾತ್ರ ನೋಡಿದೆ.

ಸಂಜೆ ಚಾಮರಾಜನಗರಕ್ಕೆ ಬಂದಾಗ ನಮ್ಮ ಬೀದಿಯ ತಿರುವಿಗೆ ಮುಂಚೆ ಅವಳು, "ಇಲ್ಲೇ ನಿಲ್ಸಿ. ನಾನು ನಡ್ಕೊಂಡು ಬತ್ತೀನಿ. ನೀವೊಬ್ರೇ ಹೋಗಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕಾಫಿ ಲೋಟ ಕೈಗೆ ಕೊಡುವಾಗ ಮಾತಾಡುವಂತೆಯೇ ಹೇಳಿದಳು. ಬೇಡ, ಕೂತ್ಕೋ ಅನ್ನಲು ನಾನು ಬಾಯಿ ತೆರೆದೆ. ಕಾಲು ಆಗಲೇ ಬ್ರೇಕಿನ ಮೇಲಿತ್ತು.

ಅವಳು ಖಾಲಿ ಬುಟ್ಟಿ ಹಿಡಿದು ಇಳಿದಳು. ನಾನು ತಿರುಗಿಸಿಕೊಂಡು ಹೋಗಿ ಮನೆ ಮುಂದೆ ನಿಲ್ಲಿಸಿದೆ. ಬ್ರೇಕು ಕೂಗಿತು. ಜಗಲಿಗಳ ಮೇಲೆ ಕೂತಿದ್ದವರೆಲ್ಲ ತಿರುಗಿದರು. ಗೇಟಿಗೆ ಬೀಗವಿತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು.

ಬಟ್ಟೆ ಅಂಗಡಿಯವನು ಎದ್ದು ಬಂದ. "ಅಮ್ಮಾವ್ರು ಎಲ್ಲಿ ಸಾ? ಬೆಳಗ್ಗೆ ಜೊತೇಲೇ ಹೋದ್ರಲ್ಲ, ನಾವೆಲ್ಲ ಕಿಟಕೀಲಿ ನೋಡ್ತಿದ್ದೊ."

"ಬರ್ತಾ ಇದ್ದಾಳೆ" ಎಂದೆ.

ಎಲ್ಲರೂ ತಿರುವಿನ ಕಡೆ ನೋಡಿದರು. ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಸೀರೆಯ ಅಂಚಿಗೆ ಹುರುಳಿಯ ಕಡ್ಡಿ ಅಂಟಿಸಿಕೊಂಡು, ಅವಳು ನಡೆದು ಬರುತ್ತಿದ್ದಳು. ಯಾರೋ ಮಾತಾಡಿಸಿದರು, ನಿಂತು ಮಾತಾಡಿದಳು. ಅವಸರ ಮಾಡಲಿಲ್ಲ. ನಾನು ಎಂಜಿನ್ ಆರಿಸಿ, ಇಳಿದು, ಗೇಟಿನ ಪಕ್ಕ ನಿಂತೆ.

ಬಂದಳು. ಬೀಗ ತೆಗೆದಳು. "ಒಳಕ್ಕೆ ತಗೊಳ್ಳಿ" ಎಂದಳು.

ನಾನು ಕಾರನ್ನು ಸುತ್ತಿಕೊಂಡು ಹೋಗಿ ಅವಳ ಕಡೆಯ ಬಾಗಿಲು ತೆರೆದು ಹಿಡಿದೆ. ಗೇಟಿನಿಂದ ಶೆಡ್ಡಿಗೆ ಏನಿದೆ, ನಾಲ್ಕು ಹೆಜ್ಜೆ. ಬೀದಿ ನೋಡುತ್ತಿತ್ತು. ಅವಳು ಸೀಟನ್ನೊಮ್ಮೆ ನೋಡಿದಳು, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು, ಒಳಗೆ ದೀಪ ಹಚ್ಚಲು ಹೋದಳು.